ಉದಾಹರಣೆಯಾಗಿ ಉಳಿದವರು

ನಲ್ಲೂರಿನ ಹಿರಿಯರೇ, ತಾಯಂದಿರೇ, ಚನ್ನಗಿರಿ, ಹೊನ್ನಾಳಿ, ನ್ಯಾಮತಿಗಳಿಂದ ಬಂದ ಅಧ್ಯಾಪಕ ಮಿತ್ರರೇ, ಜಗಳೂರಿನಷ್ಟು ದೂರದಿಂದ ಬಸ್ಸು ಬದಲಿಸಿ ಬಂದ ವಿದ್ಯಾರ್ಥಿಗಳೇ,

ತಾಯಿಯ ನೆನಪಿಗೆ ಈ ದತ್ತಿ ಇಟ್ಟ ಮಕ್ಕಳು ಮುಂದಿನ ಸಾಲಿನಲ್ಲೇ ಕೂತಿದ್ದಾರೆ. ಅಡಿಕೆ ಕೊಯ್ಲಿನ ದಿನಗಳಿವು. ಸುಲಿಯುವವರು ಕಾಯುತ್ತಿರುವಾಗ, ಹಂಡೆ ಒಲೆಯ ಮೇಲಿರುವಾಗ, ಒಂದು ಸಂಜೆಯನ್ನು ಹಳೆಯ ಪುಸ್ತಕಗಳ ಮಾತಿಗೆ ಬಿಟ್ಟುಕೊಟ್ಟಿದ್ದೀರಿ. ಆ ಹೊತ್ತಿಗೆ ತಕ್ಕ ಮಾತನ್ನೇ ಆಡಬೇಕೆಂಬ ಎಚ್ಚರ ನನಗಿದೆ.

ಒಂದು ಪೆಟ್ಟಿಗೆಯ ಕಥೆಯಿಂದ ಶುರು ಮಾಡುತ್ತೇನೆ. ಕ್ರಿಸ್ತಪೂರ್ವ 181ರಲ್ಲಿ ರೋಮ್ ನಗರದ ಜನಿಕುಲಂ ಗುಡ್ಡದ ಮೇಲೆ ಗ್ನೇಯಸ್ ಟೆರೆಂಶಿಯಸ್ ಎಂಬ ಗುಮಾಸ್ತನೊಬ್ಬ ತನ್ನ ಹೊಲವನ್ನು ಆಳವಾಗಿ ಅಗೆಯುತ್ತಿದ್ದ. ಮಣ್ಣಿನೊಳಗೆ ಒಂದು ಪೆಟ್ಟಿಗೆ ಸಿಕ್ಕಿತು. ಅದು ರೋಮಿನ ಎರಡನೆಯ ಅರಸ ನೂಮಾನನ್ನು ಹೂಳಿದ ಪೆಟ್ಟಿಗೆ ಎಂದರು. ನೂಮಾ ಆಳಿ ಐದು ನೂರಕ್ಕೂ ಹೆಚ್ಚು ವರ್ಷ ಕಳೆದಿತ್ತು. ಪೆಟ್ಟಿಗೆಯಲ್ಲಿ ಪುಸ್ತಕಗಳಿದ್ದವು, ಅದೂ ಪಪೈರಸ್ ಕಾಗದದವು. ಅಷ್ಟು ಕಾಲ ಮಣ್ಣಿನಡಿ ಅವು ಕೊಳೆಯದೆ ಉಳಿದದ್ದು ಹೇಗೆ ಎಂದು ಜನ ಕೇಳಿದಾಗ ಸಿಕ್ಕ ಉತ್ತರ ಇದು: ಪೆಟ್ಟಿಗೆಯ ನಡುವೆ ಒಂದು ಚೌಕ ಕಲ್ಲು ಇತ್ತು, ಅದಕ್ಕೆ ಸುತ್ತಲೂ ಮೇಣದ ಹುರಿ ಬಿಗಿದಿತ್ತು, ಪುಸ್ತಕಗಳು ಆ ಕಲ್ಲಿನ ಮೇಲಿದ್ದವು, ಹುಳು ತಾಗದ ಹಾಗೆ ಅವುಗಳಿಗೆ ಔಷಧ ಹಾಕಿದ್ದರಿಂದ ನುಸಿ ಮುಟ್ಟಿರಲಿಲ್ಲ. ಒಳಗಿದ್ದದ್ದು ಪೈಥಾಗೊರಸನ ತತ್ತ್ವಶಾಸ್ತ್ರ. ತತ್ತ್ವಶಾಸ್ತ್ರವೆಂಬ ಕಾರಣಕ್ಕೇ ಕ್ವಿಂಟಸ್ ಪೆಟಿಲಿಯಸ್ ಎಂಬ ಅಧಿಕಾರಿ ಅವನ್ನು ಸುಟ್ಟುಹಾಕಿಸಿದ.

ಮಣ್ಣು, ನೀರು, ಹುಳು ಯಾವುದೂ ಮಾಡದ ಕೆಲಸವನ್ನು ಒಬ್ಬ ಅಧಿಕಾರಿಯ ಆಜ್ಞೆ ಒಂದು ದಿನದಲ್ಲಿ ಮಾಡಿತು.

ಇದನ್ನು ಬರೆದವನ ಹೆಸರು ಕ್ಯಾಸಿಯಸ್ ಹೆಮಿನಾ. ಕ್ರಿಸ್ತಪೂರ್ವ ಎರಡನೆಯ ಶತಮಾನದವನು. ಅವನಿಗಿಂತ ಮೊದಲು ರೋಮಿನ ಇತಿಹಾಸ ಬರೆದ ಫೇಬಿಯಸ್ ಪಿಕ್ಟರ್ ಗ್ರೀಕಿನಲ್ಲಿ ಬರೆದಿದ್ದ. ಓದುವ ಲೋಕ ಗ್ರೀಕ್ ಓದುತ್ತಿತ್ತು, ಹಾಗಾಗಿ ರೋಮಿನ ಮಾತನ್ನೂ ಗ್ರೀಕಿನಲ್ಲಿ ಹೇಳಿದ. ಆಮೇಲೆ ಕೇಟೋ ಬಂದು ಮನೆಮಾತಾದ ಲ್ಯಾಟಿನ್ನಿನಲ್ಲೇ ಬರೆಯಬೇಕೆಂದು ಹಟ ಹಿಡಿದು ‘ಒರಿಗಿನೆಸ್’ ಬರೆದ. ಹೆಮಿನಾ ಅದೇ ದಾರಿಯಲ್ಲಿ, ಲ್ಯಾಟಿನ್ನಿನಲ್ಲಿ, ವರ್ಷಾನುವರ್ಷದ ದಾಖಲೆ ಎಂಬ ಅರ್ಥದ ‘ಅನಾಲೆಸ್’ ಬರೆದ ಮೊದಲಿಗರಲ್ಲಿ ಒಬ್ಬ. ದೊಡ್ಡ ಭಾಷೆಯ ನೆರಳಿನಲ್ಲಿ ಕೂತು ತನ್ನ ಭಾಷೆಯಲ್ಲಿ ಬರೆಯುವುದೆಂದರೇನು ಎಂಬುದನ್ನು ಕನ್ನಡಿಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಶ್ರೀವಿಜಯ ಸುಮಾರು 850ರಲ್ಲಿ ನೃಪತುಂಗನ ಆಸ್ಥಾನದಲ್ಲಿ ಕವಿರಾಜಮಾರ್ಗ ಬರೆಯುವಾಗ ಅವನ ಬೆನ್ನಿಗೆ ಸಂಸ್ಕೃತ ನಿಂತಿತ್ತು.

ಹೆಮಿನಾನ ಪುಸ್ತಕ ಈಗ ಇಲ್ಲ. ಒಂದು ಪುಟವೂ ಇಲ್ಲ. ಇರುವುದು ಸುಮಾರು ನಲವತ್ತು ತುಣುಕುಗಳು. ಅವೂ ಬೇರೆಯವರ ಪುಸ್ತಕಗಳ ಒಳಗೆ. ನಾನು ಲ್ಯಾಟಿನ್ ಓದಿದವನಲ್ಲ, ಅನುವಾದದ ಮೂಲಕ ಈ ತುಣುಕುಗಳ ಬಳಿಗೆ ಹೋದವನು. ಹೋದಾಗ ನನ್ನನ್ನು ಹಿಡಿದು ನಿಲ್ಲಿಸಿದ್ದು ತುಣುಕುಗಳಿಗಿಂತ ಹೆಚ್ಚಾಗಿ ಅವು ಉಳಿದ ಕಾರಣ.

ಪೆಟ್ಟಿಗೆಯ ಕಥೆಯನ್ನೇ ನೋಡಿ. ಅದನ್ನು ನಮಗೆ ದಾಟಿಸಿದವನು ಪ್ಲಿನಿ, ಕ್ರಿಸ್ತಶಕ 79ರಲ್ಲಿ ವೆಸೂವಿಯಸ್ ಜ್ವಾಲಾಮುಖಿ ಸಿಡಿದಾಗ ಸತ್ತವನು. ಅವನಿಗೆ ನೂಮಾ ಬೇಕಿರಲಿಲ್ಲ, ಹೆಮಿನಾನೂ ಬೇಕಿರಲಿಲ್ಲ. ಅವನು ಪಪೈರಸ್ ಗಿಡದ ಬಗ್ಗೆ ಬರೆಯುತ್ತಿದ್ದ. ಅಲೆಕ್ಸಾಂಡರ್ ಈಜಿಪ್ಟಿನಲ್ಲಿ ತನ್ನ ನಗರ ಕಟ್ಟಿದ ಮೇಲೆಯೇ ಕಾಗದ ಹುಟ್ಟಿತೆಂದು ವಾರೊ ಎಂಬ ವಿದ್ವಾಂಸ ಹೇಳಿದ್ದ. ಅದು ತಪ್ಪು, ಕಾಗದ ಅದಕ್ಕಿಂತ ಬಹಳ ಹಳೆಯದು ಎಂದು ತೋರಿಸಲು ಪ್ಲಿನಿಗೆ ಒಂದು ಸಾಕ್ಷಿ ಬೇಕಿತ್ತು. ಹೆಮಿನಾನ ಪುಸ್ತಕ ತೆಗೆದು, ಬೇಕಾದಷ್ಟನ್ನು ನಕಲು ಮಾಡಿ, ಮುಂದೆ ಹೋದ. ಅದೇ ಪ್ಲಿನಿ ವೈದ್ಯದ ಬಗ್ಗೆ ಬರೆಯುವಾಗ ಹೆಮಿನಾನಿಂದ ಇನ್ನೊಂದು ಸಂಗತಿ ತೆಗೆದುಕೊಂಡ: ಕ್ರಿಸ್ತಪೂರ್ವ 219ರಲ್ಲಿ ಗ್ರೀಸಿನಿಂದ ಆರ್ಕಗಥಸ್ ಎಂಬ ಮೊದಲ ವೈದ್ಯ ರೋಮಿಗೆ ಬಂದ, ಅವನಿಗೆ ಪೌರತ್ವ ಕೊಟ್ಟರು, ನಾಲ್ಕು ದಾರಿ ಕೂಡುವಲ್ಲಿ ಸರ್ಕಾರದ ದುಡ್ಡಿನಲ್ಲಿ ಅಂಗಡಿ ಮಾಡಿಕೊಟ್ಟರು, ಮೊದಮೊದಲು ಗಾಯ ವಾಸಿಮಾಡುವವನೆಂದು ಹೊಗಳಿದರು, ಕೊಯ್ಯುವುದೂ ಸುಡುವುದೂ ಅತಿಯಾದಾಗ ಕಟುಕ ಎಂದು ಕರೆದರು. ಮೀನಿನ ಬಗ್ಗೆ ಬರೆಯುವಾಗ ಮತ್ತೆ ಹೆಮಿನಾ: ದೇವರ ಊಟಕ್ಕೆ ಪೊರೆಯಿಲ್ಲದ ಮೀನು ತರಬಾರದೆಂದು ನೂಮಾ ವಿಧಿಸಿದ್ದ ಎಂಬ ಮಾತು. ಪ್ಲಿನಿಯನ್ನಷ್ಟೇ ನೆಚ್ಚಿಕೊಂಡರೆ ಹೆಮಿನಾ ಎಂಬವನು ಕಾಗದ, ಕತ್ತಿ, ಮೀನುಗಳ ಬಗ್ಗೆ ಕುತೂಹಲವಿದ್ದ ಮನುಷ್ಯ ಎಂದೇ ಅನ್ನಿಸುತ್ತದೆ. ಯುದ್ಧ, ಸಂಧಿ, ಸೆನೆಟ್ಟಿನ ಜಗಳ ಅವನ ಪುಸ್ತಕದಲ್ಲಿ ಎಷ್ಟಿದ್ದವೋ, ಆ ಯಾವುದೂ ಪ್ಲಿನಿಗೆ ಬೇಕಿರಲಿಲ್ಲ.

ಇನ್ನು ವ್ಯಾಕರಣದವರು. ಕ್ರಿಸ್ತಶಕ 500ರ ಸುಮಾರಿಗೆ ಕಾನ್‌ಸ್ಟಾಂಟಿನೋಪಲ್ಲಿನಲ್ಲಿ ಲ್ಯಾಟಿನ್ ಕಲಿಸುತ್ತಿದ್ದ ಪ್ರಿಸ್ಕಿಯನ್ ಒಂದು ಸೂಕ್ಷ್ಮ ಹೇಳಲು ಹೊರಟಿದ್ದ. ಹಳೆಯ ಲ್ಯಾಟಿನ್ನಿನಲ್ಲಿ ‘ಹಿಂದಿನದು’ ‘ಮುಂದಿನದು’ ಎಂದು ಹೋಲಿಸಿ ಹೇಳುವ ವಿಶೇಷಣಗಳು ನಪುಂಸಕ ಲಿಂಗದಲ್ಲೂ ರೂಪ ಬದಲಿಸದೆ ನಿಲ್ಲುತ್ತಿದ್ದವು ಎಂಬುದು ಆ ಸೂಕ್ಷ್ಮ. ಅದಕ್ಕೆ ಉದಾಹರಣೆಯಾಗಿ ಹೆಮಿನಾನ ನಾಲ್ಕನೆಯ ಪುಸ್ತಕದ ಶೀರ್ಷಿಕೆಯನ್ನು ಬರೆದುಕೊಂಡ: ಪ್ಯೂನಿಕ್ ಯುದ್ಧ, ಎರಡರಲ್ಲಿ ಆಮೇಲಿನದು. ಅಷ್ಟೇ. ಪ್ರಿಸ್ಕಿಯನ್ನನ ಕೆಲಸ ಅಲ್ಲಿಗೆ ಮುಗಿಯಿತು. ಇತಿಹಾಸಕಾರರ ಕೆಲಸ ಅಲ್ಲಿಂದ ಶುರುವಾಯಿತು. ಕಾರ್ಥೇಜಿನ ಮೇಲೆ ರೋಮ್ ಮೂರು ಯುದ್ಧ ಮಾಡಿತು. ಮೂರನೆಯದು ಆರಂಭವಾದದ್ದು ಕ್ರಿಸ್ತಪೂರ್ವ 149ರಲ್ಲಿ. ಎರಡನೆಯದನ್ನು ‘ಆಮೇಲಿನದು’ ಎಂದು ಕರೆಯಬೇಕಾದರೆ ಬರೆದವನ ಎದುರಿಗೆ ಮೂರನೆಯದು ಇನ್ನೂ ಇರಕೂಡದು. ಆದ್ದರಿಂದ ಆ ಪುಸ್ತಕ 149ಕ್ಕೆ ಮುಂಚಿನದು. ಒಬ್ಬ ಮೇಷ್ಟರು ಪ್ರತ್ಯಯಕ್ಕಾಗಿ ಎತ್ತಿಟ್ಟುಕೊಂಡ ಒಂದು ವಿಶೇಷಣ ಒಬ್ಬ ಇತಿಹಾಸಕಾರನ ಕಾಲವನ್ನು ಹೇಳಿತು.

ಇದನ್ನು ಓದಿದ ರಾತ್ರಿ ನನಗೆ ನೆನಪಾದದ್ದು ನಮ್ಮ ಗುಣವರ್ಮ. ಈ ಹೊತ್ತು ನಾನು ಮಾತಾಡಬೇಕೆಂದು ಬಂದಿರುವುದು ಅವನ ಬಗ್ಗೆ.

ಪಂಪನಿಗೆ ಮುಂಚೆ ಕನ್ನಡದಲ್ಲಿ ಬರೆದವರು ಯಾರು ಎಂದು ಪರೀಕ್ಷೆಯಲ್ಲಿ ಕೇಳಿದರೆ ಮಕ್ಕಳು ಹೆಸರುಗಳನ್ನು ಗಟ್ಟಿ ಮಾಡಿಕೊಂಡಿರುತ್ತಾರೆ. ಕವಿರಾಜಮಾರ್ಗ ಹೇಳುವ ಗದ್ಯದ ಕವಿಗಳು ವಿಮಲೋದಯ, ನಾಗಾರ್ಜುನ, ಜಯಬಂಧು, ದುರ್ವಿನೀತ. ಪದ್ಯದವರು ಶ್ರೀವಿಜಯ, ಕವೀಶ್ವರ, ಪಂಡಿತ, ಚಂದ್ರ, ಲೋಕಪಾಲ. ಶ್ರೀವಿಜಯನೊಬ್ಬನನ್ನು ಬಿಟ್ಟರೆ ಉಳಿದವರೆಲ್ಲ ಹೆಸರುಗಳು ಮಾತ್ರ. ಇನ್ನು ಅಸಗ. ಅವನು ಸಂಸ್ಕೃತದಲ್ಲಿ ಬರೆದ ವರ್ಧಮಾನಚರಿತೆ ಉಳಿದಿದೆ. ಕನ್ನಡದಲ್ಲಿ ಬರೆದ ಕರ್ಣಾಟ ಕುಮಾರಸಂಭವ ಉಳಿಯಲಿಲ್ಲ. ಪೊನ್ನ ತಾನು ಅಸಗನನ್ನು ಮೀರಿಸಿದವನೆಂದು ಹೇಳಿಕೊಂಡ. ಮೀರಿಸಿದವನ ಮಾತು ನಮ್ಮ ಹತ್ತಿರ ಇದೆ, ಮೀರಿಸಲ್ಪಟ್ಟವನ ಕಾವ್ಯ ಇಲ್ಲ. ಈ ಒಂದು ನಷ್ಟಕ್ಕಾಗಿ ನನಗೆ ಇವತ್ತಿಗೂ ಸಂಕಟವಾಗುತ್ತದೆ. ಪೊನ್ನನ ಸ್ಪರ್ಧೆ ಎಷ್ಟು ನ್ಯಾಯವಾದದ್ದು ಎಂದು ತೂಗಿ ನೋಡುವ ಅವಕಾಶವನ್ನೇ ಕಾಲ ನಮ್ಮಿಂದ ಕಿತ್ತುಕೊಂಡಿದೆ.

ಗುಣವರ್ಮನದು ಇವರಿಗಿಂತ ಒಂದು ಮೆಟ್ಟಿಲು ಮೇಲಿನ ಸ್ಥಿತಿ. ಹೆಸರಿನ ಜೊತೆಗೆ ಒಂದಿಷ್ಟು ಪದ್ಯಗಳೂ ಉಳಿದಿವೆ. ಜೈನ ಕವಿ, ಸುಮಾರು 900ರವನು. ಎರಡು ಕಾವ್ಯ ಬರೆದ: ಶೂದ್ರಕ ಮತ್ತು ಹರಿವಂಶ. ಎರಡೂ ಇಡಿಯಾಗಿ ಸಿಕ್ಕಿಲ್ಲ. ಹರಿವಂಶ ಇಪ್ಪತ್ತೆರಡನೆಯ ತೀರ್ಥಂಕರ ನೇಮಿನಾಥನ ಕಥೆ. ಶೂದ್ರಕದಲ್ಲಿ ಅವನು ತನ್ನ ಆಶ್ರಯದಾತನಾದ ಗಂಗರ ಅರಸ ಎರೆಯಪ್ಪನನ್ನು ಹಳೆಯ ಕಥೆಗಳ ಶೂದ್ರಕ ರಾಜನಿಗೆ ಹೋಲಿಸಿ, ಇಬ್ಬರನ್ನೂ ಒಂದೇ ಕಥಾನಾಯಕನಲ್ಲಿ ಬೆಸೆದ. 941ರಲ್ಲಿ ಪಂಪ ವಿಕ್ರಮಾರ್ಜುನ ವಿಜಯದಲ್ಲಿ ಅರಿಕೇಸರಿಯನ್ನು ಅರ್ಜುನನೊಡನೆ ಬೆಸೆದದ್ದು ನಿಮಗೆಲ್ಲ ಗೊತ್ತು. ಆ ಬೆಸುಗೆಯನ್ನು ನಾವು ಪಂಪನ ಪ್ರತಿಭೆ ಎಂದು ಪಾಠ ಹೇಳುತ್ತೇವೆ. ಅದಕ್ಕೆ ನಾಲ್ಕು ದಶಕ ಮುಂಚೆಯೇ ಗುಣವರ್ಮ ಆ ಕುಲುಮೆ ಹಚ್ಚಿದ್ದ. ಶೂದ್ರಕ ಇಡಿಯಾಗಿ ಸಿಕ್ಕಿದ್ದರೆ ಪಂಪ ಅಲ್ಲಿಂದ ಎಷ್ಟು ಪಡೆದ, ಎಲ್ಲಿ ದಾಟಿ ಹೋದ ಎಂದು ಬೆರಳಿಟ್ಟು ತೋರಿಸಬಹುದಿತ್ತು. ಅದರಿಂದ ಪಂಪ ಸಣ್ಣವನಾಗುತ್ತಿರಲಿಲ್ಲ. ದಾಟಿದ ಹೊಳೆಯ ಅಗಲ ಗೊತ್ತಾದರೆ ದಾಟಿದವನ ಬಲ ಹೆಚ್ಚು ಸ್ಪಷ್ಟವಾಗುತ್ತಿತ್ತು.

ಅಂದ ಹಾಗೆ, ಕನ್ನಡದಲ್ಲಿ ಗುಣವರ್ಮರು ಇಬ್ಬರು. ಇನ್ನೊಬ್ಬ ಹದಿಮೂರನೆಯ ಶತಮಾನದವನು, ಪುಷ್ಪದಂತಪುರಾಣ ಬರೆದವನು. ಅವನ ಕಾವ್ಯ ಇದೆ. ಹಿಂದಿನ ಯಾರಾದರೂ ಬರಿದೇ ‘ಗುಣವರ್ಮ’ ಎಂದರೆ ಯಾವ ಗುಣವರ್ಮ ಎಂದು ಮೊದಲು ಕೇಳಬೇಕು.

ಒಂದನೆಯ ಗುಣವರ್ಮನ ಪದ್ಯಗಳು ಉಳಿದದ್ದು ಎಲ್ಲಿ? ಇಲ್ಲಿ ಒಂದು ಮನೆಯ ಕಥೆ ಹೇಳಬೇಕು. ಹದಿಮೂರನೆಯ ಶತಮಾನದ ನಡುವೆ ಹೊಯ್ಸಳ ಸೋಮೇಶ್ವರನ ಕಾಲದಲ್ಲಿ ಮಲ್ಲಿಕಾರ್ಜುನ ಎಂಬ ವಿದ್ವಾಂಸ ತನ್ನ ಹಿಂದಿನ ಕವಿಗಳ ಒಳ್ಳೆಯ ಪದ್ಯಗಳನ್ನೆಲ್ಲ ಆರಿಸಿ ಸೂಕ್ತಿಸುಧಾರ್ಣವ ಎಂಬ ಸಂಕಲನ ಮಾಡಿದ. ಅವನ ಮಗ ಕೇಶಿರಾಜ, ಸುಮಾರು 1260ರಲ್ಲಿ ಶಬ್ದಮಣಿದರ್ಪಣ ಬರೆದ. ಯಶೋಧರಚರಿತೆಯ ಜನ್ನ ಕೇಶಿರಾಜನಿಗೆ ಸೋದರಮಾವ. ಒಂದೇ ಮನೆ, ಅಪ್ಪ ಮಗ ಇಬ್ಬರೂ ಹಳೆಯ ಕಾವ್ಯಗಳಿಂದ ಪದ್ಯ ಆರಿಸಿದವರು. ಆದರೆ ಇಬ್ಬರೂ ಹಿಡಿದ ಜರಡಿ ಬೇರೆ.

ಅಪ್ಪನ ಜರಡಿ ವರ್ಣನೆಯದು. ಮಹಾಕಾವ್ಯದಲ್ಲಿ ಹದಿನೆಂಟು ವರ್ಣನೆಗಳಿರಬೇಕೆಂಬ ಲೆಕ್ಕ ಇದೆಯಲ್ಲ, ಸಮುದ್ರ, ಪರ್ವತ, ನಗರ, ಋತು, ಚಂದ್ರೋದಯ ಹೀಗೆ. ಆ ವಿಷಯಕ್ಕೆ ತಕ್ಕ ಹಾಗೆ ಪದ್ಯಗಳನ್ನು ಗುಂಪು ಕಟ್ಟಿದ. ಕಟ್ಟುವಾಗ ಕವಿಯ ಹೆಸರನ್ನಾಗಲಿ ಕಾವ್ಯದ ಹೆಸರನ್ನಾಗಲಿ ಹೇಳಲಿಲ್ಲ. ಓದುವವರಿಗೆ ಗೊತ್ತಿರುತ್ತದೆ ಎಂದುಕೊಂಡಿರಬೇಕು. ಅವನ ಕಾಲಕ್ಕೆ ಶೂದ್ರಕ ಎಷ್ಟೋ ಮನೆಗಳ ಓಲೆಗರಿಯ ಕಟ್ಟಿನಲ್ಲಿ ಇದ್ದಿರಬಹುದು. ಎಲ್ಲರಿಗೂ ಗೊತ್ತಿರುವುದನ್ನು ಯಾರು ಬರೆದಿಡುತ್ತಾರೆ? ನಮ್ಮ ಅಜ್ಜಿಯರ ಹೆಸರೇ ಮನೆಯ ಯಾವ ಕಾಗದದಲ್ಲೂ ಇಲ್ಲದ್ದಕ್ಕೆ ಇದೇ ಕಾರಣ.

ಮಗನ ಜರಡಿ ವ್ಯಾಕರಣದ್ದು. ಕೇಶಿರಾಜನಿಗೆ ಕಣ್ಣೆದುರಿಗೆ ಹಳಗನ್ನಡ ಸಡಿಲವಾಗುತ್ತಿತ್ತು. ೞಕಾರ ಬಾಯಿಂದ ಜಾರಿ ಹೋಗುತ್ತಿತ್ತು. ಯಾವ ಪದದಲ್ಲಿ ೞ, ಯಾವುದರಲ್ಲಿ ಳ ಎಂದು ಪಟ್ಟಿ ಮಾಡಿ ಹೇಳಬೇಕಾದ ಕಾಲ ಬಂದಿತ್ತು. ಆದ್ದರಿಂದ ಅವನು ಹಳೆಯ ಕವಿಗಳ ಕಡೆ ತಿರುಗಿದ. ತನ್ನ ಲಕ್ಷ್ಯಕ್ಕೆ ಯಾರು ಆಧಾರ ಎಂದು ಆರಂಭದಲ್ಲೇ ಹೆಸರು ಹೇಳಿದ: ಗಜಗ, ಗುಣನಂದಿ, ಮನಸಿಜ, ಅಸಗ, ಚಂದ್ರಭಟ್ಟ, ಗುಣವರ್ಮ, ಶ್ರೀವಿಜಯ, ಪೊನ್ನ, ಪಂಪ, ಸುಜನೋತ್ತಂಸ. ಈ ಪಟ್ಟಿಯನ್ನು ನಿಧಾನವಾಗಿ ಮತ್ತೆ ಓದಿಕೊಳ್ಳಿ. ಗಜಗನ ಒಂದು ಕಾವ್ಯವೂ ನಮಗೆ ಸಿಕ್ಕಿಲ್ಲ. ಗುಣನಂದಿಯದು ಸಿಕ್ಕಿಲ್ಲ, ಮನಸಿಜನದು ಸಿಕ್ಕಿಲ್ಲ, ಚಂದ್ರಭಟ್ಟನದು ಸಿಕ್ಕಿಲ್ಲ. ಕೇಶಿರಾಜ ಇವರನ್ನು ಪಂಪನ ಸಾಲಿನಲ್ಲೇ ಕೂರಿಸಿದ್ದಾನೆ. ಒಂದು ಪಂಕ್ತಿಯಲ್ಲಿ ಕೂತ ಹತ್ತು ಮಂದಿಯಲ್ಲಿ ಹೆಚ್ಚಿನವರ ಎಲೆ ಖಾಲಿಯಾಗಿದೆ.

ಈ ಅಪ್ಪ ಮಗ ಇಬ್ಬರಿಗಿಂತ ಮೊದಲು, ಹನ್ನೆರಡನೆಯ ಶತಮಾನದಲ್ಲಿ, ಎರಡನೆಯ ನಾಗವರ್ಮ ಕಾವ್ಯಾವಲೋಕನದಲ್ಲಿ ಹಳೆಯ ಕವಿಗಳ ಪದ್ಯಗಳನ್ನು ಅಲಂಕಾರಕ್ಕೂ ವ್ಯಾಕರಣಕ್ಕೂ ಉದಾಹರಣೆ ಕೊಟ್ಟಿದ್ದ. ಹದಿನಾರನೆಯ ಶತಮಾನದಲ್ಲಿ ವಾದಿ ವಿದ್ಯಾನಂದನ ಕಾವ್ಯಸಾರ ಬಂತು. ಇಂಥ ನಾಲ್ಕಾರು ಪುಸ್ತಕಗಳ ಹೊಟ್ಟೆಯಲ್ಲಿ ನಮ್ಮ ಒಂಬತ್ತು ಹತ್ತನೆಯ ಶತಮಾನದ ಕಾವ್ಯಲೋಕದ ಒಂದು ಭಾಗ ಬದುಕಿದೆ.

ಹೆಸರಿಲ್ಲದ ಪದ್ಯ ಗುಣವರ್ಮನದೆಂದು, ಆ ಗುಣವರ್ಮ ಎರೆಯಪ್ಪನ ಕಾಲದವನೆಂದು ತಿಳಿದದ್ದು ಹೇಗೆ? ಈ ಕೆಲಸಕ್ಕೆ ಕೂತವರಲ್ಲಿ ದೊಡ್ಡವರು ಆರ್. ನರಸಿಂಹಾಚಾರ್ಯರು. ಅವರ ಕರ್ಣಾಟಕ ಕವಿಚರಿತೆಯ ಮೊದಲ ಸಂಪುಟ 1907ರಲ್ಲಿ, ಎರಡನೆಯದು 1919ರಲ್ಲಿ, ಮೂರನೆಯದು 1929ರಲ್ಲಿ ಬಂದವು. ಮೊದಲಕ್ಕೂ ಕೊನೆಗೂ ನಡುವೆ ಇಪ್ಪತ್ತೆರಡು ವರ್ಷ. ಕಂಪ್ಯೂಟರಿನಲ್ಲಿ ಪದ ಹುಡುಕುವ ಸೌಲಭ್ಯವಿಲ್ಲದ ಕಾಲದಲ್ಲಿ ಅವರು ಹಸ್ತಪ್ರತಿಗಳಲ್ಲಿನ ಒಂದೊಂದು ಪದ್ಯವನ್ನೂ ನೆನಪಿನಲ್ಲಿಟ್ಟುಕೊಂಡು ಇನ್ನೊಂದರೊಡನೆ ತಾಳೆ ನೋಡಿದರು. ಶೂದ್ರಕದ ಪದ್ಯದಲ್ಲಿ ನಾಯಕನಿಗೆ ಒಂದು ಬಿರುದು ಇದೆ: ಮಹೇಂದ್ರಾಂತಕ. ಮಹೇಂದ್ರನಿಗೆ ಯಮನಾದವನು ಎಂದು ಅರ್ಥ. ಗಂಗ ಅರಸರಲ್ಲಿ ಆ ಬಿರುದು ಎರೆಯಪ್ಪನದು. ಅಲ್ಲಿಗೆ ಕವಿಯ ಕಾಲ ಸಿಕ್ಕಿತು, ಆಶ್ರಯದಾತ ಸಿಕ್ಕಿದ.

ಹೆಮಿನಾನಿಗೆ ಒಂದು ವಿಶೇಷಣ. ಗುಣವರ್ಮನಿಗೆ ಒಂದು ಬಿರುದು.

ಈ ಬಿರುದಿನ ಮಹೇಂದ್ರ ಯಾರು? ನೊಳಂಬರ ಅರಸ. ಜಗಳೂರಿನ ಗೆಳೆಯರು ಇಲ್ಲಿ ಕಿವಿ ನಿಮಿರಿಸಬೇಕು. ಚಿತ್ರದುರ್ಗದ ಸೀಮೆ ನೊಳಂಬವಾಡಿಗೆ ಸೇರಿದ್ದ ನಾಡು. ನಿಮ್ಮ ಕಡೆಯವರು ಹುಣ್ಣಿಮೆಗೆ ಹೋಗಿ ಬರುವ ಉಚ್ಚಂಗಿದುರ್ಗವನ್ನು ಎರೆಯಪ್ಪನ ವಂಶದ ಮಾರಸಿಂಹ ಮುಂದೆ ಹತ್ತನೆಯ ಶತಮಾನದಲ್ಲಿ ಗೆದ್ದು ನೊಳಂಬಕುಲಾಂತಕ ಎನ್ನಿಸಿಕೊಂಡ. ಆ ಗೆಲುವನ್ನು ಶ್ರವಣಬೆಳಗೊಳದ ಕೂಗೆ ಬ್ರಹ್ಮದೇವರ ಕಂಬದ ಶಾಸನ ಹೇಳುತ್ತದೆ. ಕಾವ್ಯದ ಒಂದು ಬಿರುದಿನ ಹಿಂದೆ ಎರಡು ಮನೆತನಗಳ ತಲೆಮಾರುಗಳ ಹಗೆತನ ಇದೆ.

ಎರೆಯಪ್ಪನ ಕಾಲದ ಒಂದು ಕಲ್ಲನ್ನೂ ನಿಮಗೆ ತೋರಿಸಬೇಕು. ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಹೋದರೆ ಬೇಗೂರಿನಿಂದ ತಂದ ವೀರಗಲ್ಲು ಇದೆ. ಆನೆ, ಕುದುರೆ, ಬಿಲ್ಲಾಳುಗಳು ಒತ್ತಿಕೊಂಡು ಕಾದುವ ನೋಟವನ್ನು ಶಿಲ್ಪಿ ಅಲ್ಲಿ ಎಷ್ಟು ಇಕ್ಕಟ್ಟಾಗಿ ಕೆತ್ತಿದ್ದಾನೆಂದರೆ, ಯುದ್ಧದ ಧೂಳು ಮಾತ್ರ ಇಲ್ಲ ಅನ್ನಿಸುತ್ತದೆ. ಶಾಸನದ ಸಾರ ಇಷ್ಟು: ಎರೆಯಪ್ಪರಸನ ಅಪ್ಪಣೆಯಂತೆ ನಾಗತ್ತರ ಎಂಬವನು ಅಯ್ಯಪದೇವನ ನೆರವಿಗೆ ಸೇನೆ ತೆಗೆದುಕೊಂಡು ಹೋದ, ತುಂಬೆಪಾಡಿಯಲ್ಲಿ ವೀರಮಹೇಂದ್ರನೊಡನೆ ಕಾದಿ ಸತ್ತ, ಅರಸ ಮೆಚ್ಚಿ ಇರುಗನೆಂಬವನಿಗೆ ನಾಗತ್ತರನ ಪಟ್ಟ ಕಟ್ಟಿ ಬೇಗೂರಿನ ಹಳ್ಳಿಗಳನ್ನು ಕೊಟ್ಟ. ಈ ವೀರಮಹೇಂದ್ರ ನೊಳಂಬ ಮಹೇಂದ್ರನೇ ಎಂದು ಕೆಲವು ವಿದ್ವಾಂಸರು ಗುರುತಿಸಿದ್ದಾರೆ. ಅದೇ ಬೇಗೂರಿನ ಇನ್ನೊಂದು ಶಾಸನದಲ್ಲಿ ‘ಬೆಂಗಳೂರು ಕಾಳಗ’ ಎಂಬ ಮಾತು ಬರುತ್ತದೆ. ರಾಜಧಾನಿಯ ಹೆಸರು ಅಷ್ಟು ಹಳೆಯದೆಂದು ನಮಗೆ ಗೊತ್ತಾದದ್ದು ಅಲ್ಲಿ ಸತ್ತ ಬುಟ್ಟನಸೆಟ್ಟಿಯಿಂದ.

ಈಗ ಕವಿಯ ಬಿರುದನ್ನೂ ಆ ಕಲ್ಲನ್ನೂ ಪಕ್ಕಪಕ್ಕ ಇಟ್ಟು ನೋಡಿ. ಕವಿಗೆ ಅರಸ ಮಹೇಂದ್ರನ ಯಮ. ಕಲ್ಲಿಗೆ ನಾಗತ್ತರ ಮಹೇಂದ್ರನ ಕೈಯಲ್ಲಿ ಹೋದ ಜೀವ. ಗೆಲುವನ್ನು ಕಾವ್ಯ ಹಾಡಿತು, ಗೆಲುವಿಗೆ ಕೊಟ್ಟ ಬೆಲೆಯನ್ನು ಕಲ್ಲು ಲೆಕ್ಕವಿಟ್ಟಿತು. ಶೂದ್ರಕ ಇಡೀ ಸಿಕ್ಕಿದ್ದರೂ ಅದರಲ್ಲಿ ನಾಗತ್ತರನ ಹೆಸರು ಇರುತ್ತಿತ್ತೆಂದು ನನಗೆ ನಂಬಿಕೆ ಇಲ್ಲ. ಆದರೆ ಆ ಕಾವ್ಯದ ಒಂದು ತುಣುಕನ್ನು ಅರ್ಥ ಮಾಡಿಕೊಳ್ಳಲು ಅವನ ಸಾವು ಬೇಕಾಯಿತು.

ತುಣುಕುಗಳನ್ನು ಓದುವವರು ಮಾಡಿಕೊಳ್ಳುವ ಒಂದು ತಪ್ಪನ್ನು ಇಲ್ಲಿ ಬಿಚ್ಚಿ ಹೇಳಬೇಕು; ನಾನೂ ವರ್ಷಗಟ್ಟಲೆ ಮಾಡಿದ್ದೇನೆ. ಗುಣವರ್ಮನ ಉಳಿದ ಪದ್ಯಗಳನ್ನು ಓದಿ ‘ಈತ ವರ್ಣನೆಯಲ್ಲಿ ನಿಪುಣ’ ಎಂದು ತರಗತಿಯಲ್ಲಿ ಹೇಳುತ್ತಿದ್ದೆ. ಮಲ್ಲಿಕಾರ್ಜುನ ವರ್ಣನೆಯ ಜರಡಿ ಹಿಡಿದದ್ದರಿಂದ ವರ್ಣನೆಯೇ ಉಳಿಯಿತು ಎಂಬುದು ನನಗೆ ಹೊಳೆದಿರಲಿಲ್ಲ. ಗುಣವರ್ಮ ಸಂಭಾಷಣೆಯಲ್ಲಿ ಹೇಗಿದ್ದ, ಕಥೆಯನ್ನು ಎಲ್ಲಿ ತಿರುಗಿಸುತ್ತಿದ್ದ, ಅರಸನನ್ನು ಹೊಗಳುವಾಗ ಎಲ್ಲಾದರೂ ಒಂದು ಚೂರು ಎಚ್ಚರಿಕೆ ಹೇಳಿದ್ದನೇ, ಇವು ಯಾವುವೂ ಆ ಜರಡಿಯಲ್ಲಿ ನಿಲ್ಲುವ ಕಾಳುಗಳಲ್ಲ. ಪ್ಲಿನಿಯ ಕೈಯಲ್ಲಿ ಹೆಮಿನಾ ಮೀನಿನ ಪಂಡಿತನಾದ ಹಾಗೆ, ಮಲ್ಲಿಕಾರ್ಜುನನ ಕೈಯಲ್ಲಿ ಗುಣವರ್ಮ ಬೆಳದಿಂಗಳ ಕವಿಯಾಗುತ್ತಾನೆ. ಅಡಿಕೆ ಮಂಡಿಯಲ್ಲಿ ರಾಶಿ ಮಾತ್ರ ಕೊಂಡವನ ಅಂಗಡಿ ನೋಡಿ, ಈ ಸೀಮೆಯಲ್ಲಿ ಗೊರಬಲೇ ಬೀಳುವುದಿಲ್ಲ ಎಂದು ತೀರ್ಮಾನಿಸುವಂಥ ತಪ್ಪು ಇದು. ತುಣುಕು ಓದುವಾಗ ಅದನ್ನು ಬರೆದವನನ್ನು ಓದಿದರೆ ಸಾಲದು, ಎತ್ತಿಕೊಂಡವನನ್ನೂ ಓದಬೇಕು. ಅವನಿಗೆ ಏನು ಬೇಕಿತ್ತು, ಏನನ್ನು ಬಿಟ್ಟ, ಎಲ್ಲಿ ಕತ್ತರಿಸಿದ ಎಂದು ಕೇಳಬೇಕು.

ಪೆಟ್ಟಿಗೆಯ ಕಥೆಯಲ್ಲೇ ಇನ್ನೊಂದು ಪಾಠ ಇದೆ. ಹೆಮಿನಾನ ಬಳಿಕ ಪಿಸೊ ಎಂಬವನು ಅದೇ ಪ್ರಸಂಗ ಬರೆದ. ಅವನ ಲೆಕ್ಕದಲ್ಲಿ ಪುಸ್ತಕಗಳು ಏಳು ಮತ್ತು ಏಳು. ಇನ್ನೂ ಆಮೇಲಿನ ವಲೇರಿಯಸ್ ಆಂಟಿಯಾಸ್ ಬರೆಯುವಾಗ ಹನ್ನೆರಡು ಮತ್ತು ಹನ್ನೆರಡು. ಇತಿಹಾಸಕಾರ ಲಿವಿಯ ಹೊತ್ತಿಗೆ ಒಂದು ಪೆಟ್ಟಿಗೆ ಎರಡು ಕಲ್ಲಿನ ಪೆಟ್ಟಿಗೆಗಳಾಗಿತ್ತು, ಹೊಲದ ಯಜಮಾನನೂ ಬದಲಾಗಿದ್ದ. ಸುಟ್ಟುಹೋದ ಪುಸ್ತಕಗಳು ಸುಟ್ಟ ಮೇಲೆ ಸಂಖ್ಯೆಯಲ್ಲಿ ಬೆಳೆದವು. ಕಳೆದುಹೋದದ್ದರ ಬಗ್ಗೆ ಮಾತಾಡುವಾಗ ನಮಗೂ ಈ ಆಸೆ ಬರುತ್ತದೆ. ಪಂಪಪೂರ್ವ ಯುಗದ ಬಗ್ಗೆ ಬಂದ ಕೆಲವು ಬರಹಗಳಲ್ಲಿ, ಒಂದೂ ಪದ್ಯ ಉಳಿಯದ ಕವಿಯ ಶೈಲಿಯನ್ನು ಎರಡು ಪುಟ ಹೊಗಳಿದ್ದನ್ನು ಓದಿದ್ದೇನೆ. ಕನ್ನಡದ ಹಳಮೆಯ ಮೇಲಿನ ಪ್ರೀತಿಯಿಂದಲೇ ಹಾಗೆ ಬರೆದಿರುತ್ತಾರೆ. ಆದರೂ ಅದು ಕೂಡದು. ಗಜಗ ನಮಗೆ ಒಂದು ಹೆಸರು. ಆ ಹೆಸರನ್ನು ಅಷ್ಟಕ್ಕೇ ಇಟ್ಟುಕೊಂಡು ಗೌರವಿಸುವುದು ನಮ್ಮಿಂದ ಆಗಬೇಕು.

ಹಾಗೆಂದು ಕೈ ಚೆಲ್ಲಬೇಕಾಗಿಲ್ಲ. ಕೌಟಿಲ್ಯನ ಅರ್ಥಶಾಸ್ತ್ರ ಬಹಳ ಕಾಲ ವಿದ್ವಾಂಸರಿಗೆ ಬೇರೆಯವರ ಉಲ್ಲೇಖಗಳಲ್ಲಿ ಮಾತ್ರ ಗೊತ್ತಿತ್ತು. 1905ರಲ್ಲಿ ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳ ಕೈಗೆ ತಂಜಾವೂರು ಕಡೆಯ ಪಂಡಿತರೊಬ್ಬರು ಕೊಟ್ಟ ಓಲೆಗರಿಯ ಕಟ್ಟು ಬಂತು, ಇಡೀ ಗ್ರಂಥ ಅದರಲ್ಲಿತ್ತು, 1909ರಲ್ಲಿ ಅಚ್ಚಾಯಿತು. ರೋಮಿನವರಿಗೂ ಇಂಥದೇ ಭಾಗ್ಯ ಒಮ್ಮೆ ಬಂದಿದೆ: ಸಿಸೆರೊ ರಾಜ್ಯದ ಬಗ್ಗೆ ಬರೆದ ಗ್ರಂಥದ ದೊಡ್ಡ ಭಾಗ, ಮೇಲೆ ಇನ್ನೊಂದು ಬರಹ ಬರೆದಿದ್ದ ಚರ್ಮದ ಹಾಳೆಗಳ ಅಡಿಯಲ್ಲಿ 1819ರಲ್ಲಿ ಆಂಜೆಲೊ ಮೈ ಎಂಬ ವಿದ್ವಾಂಸನಿಗೆ ಸಿಕ್ಕಿತು. ಶೂದ್ರಕವೂ ಯಾವುದಾದರೂ ಬಸದಿಯ ಕಪಾಟಿನಲ್ಲಿ, ಯಾವುದಾದರೂ ಮನೆಯ ಅಟ್ಟದಲ್ಲಿ ಇದ್ದೀತು ಎಂದು ನಾನು ಆಸೆ ಇಟ್ಟುಕೊಂಡೇ ಬದುಕಿದ್ದೇನೆ.

ಅಟ್ಟದ ಮಾತು ಬಂದದ್ದರಿಂದ ಹೇಳುತ್ತೇನೆ. ನಮ್ಮ ಹಿರಿಯರ ಮನೆಯಲ್ಲಿ ಒಲೆಯ ಮೇಲಿನ ಹೊಗೆಯಟ್ಟದಲ್ಲಿ ಒಂದು ಕಟ್ಟು ಇತ್ತು, ಕಾವಿ ಬಟ್ಟೆ ಸುತ್ತಿದ್ದು, ಒಳಗೆ ಬಜೆಯ ಚೂರು ಇಟ್ಟಿದ್ದು. ಹೊಗೆ ತಾಗಿದರೆ ಹುಳು ಬರುವುದಿಲ್ಲ ಎಂಬುದು ಅವರ ಲೆಕ್ಕ. ನೂಮಾನ ಪೆಟ್ಟಿಗೆಗೆ ಔಷಧ ಹಾಕಿದವರ ಲೆಕ್ಕವೂ ಅದೇ. ಅದರ ಜೊತೆಗೆ ಕಡತಗಳಿದ್ದವು, ಹುಣಸೆಬೀಜದ ಅಂಟು ಮತ್ತು ಮಸಿ ಬಳಿದು ಮಡಿಚಿದ ಕಪ್ಪು ಬಟ್ಟೆಯವು, ಬಳಪದಲ್ಲಿ ಬರೆದವು. ಮನೆ ಹೊಸದಾಗಿ ಕಟ್ಟುವಾಗ ಹಳೆಯ ತೊಲೆಗಳ ಜೊತೆ ಅವೂ ಹೋದವು. ಯಾರೂ ಬೇಕೆಂದು ಕಳೆಯಲಿಲ್ಲ. ನಾನು ಆಗ ಕಾಲೇಜಿನಲ್ಲಿದ್ದೆ, ಹಳಗನ್ನಡ ಓದುತ್ತಿದ್ದೆ, ಒಂದು ಸಲವೂ ಅದನ್ನು ಬಿಚ್ಚಿ ನೋಡಿರಲಿಲ್ಲ. ಅದರಲ್ಲಿ ಇದ್ದದ್ದು ಬರಿಯ ಚೇಣಿ ಲೆಕ್ಕವೇ ಇರಬಹುದು.

ಬರಿಯ ಲೆಕ್ಕ ಎಂದೆ. ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ರೋಮಿನಲ್ಲಿ ಪ್ರಧಾನ ಪುರೋಹಿತ ಪ್ರತಿ ವರ್ಷ ಒಂದು ಬಿಳಿಯ ಹಲಗೆಯ ಮೇಲೆ ಆ ವರ್ಷದ ಸಂಗತಿಗಳನ್ನು ಬರೆಸುತ್ತಿದ್ದ. ಧಾನ್ಯ ಎಷ್ಟು ಸಲ ತುಟ್ಟಿಯಾಯಿತು, ಸೂರ್ಯಚಂದ್ರರಿಗೆ ಎಷ್ಟು ಸಲ ಗ್ರಹಣ ಹಿಡಿಯಿತು ಎಂಬುದನ್ನೆಲ್ಲ ಬರೆಯಲು ನನಗೆ ಇಷ್ಟವಿಲ್ಲ ಎಂಬ ಅರ್ಥದಲ್ಲಿ ಕೇಟೋ ಹೇಳಿದ್ದುಂಟು. ಇವತ್ತು ಆ ಹಲಗೆಯ ಒಂದು ವರ್ಷದ ಧಾನ್ಯದ ಧಾರಣೆ ಸಿಕ್ಕರೆ ಇತಿಹಾಸಕಾರರು ಅದನ್ನು ತಲೆಯ ಮೇಲೆ ಹೊತ್ತಾರು. ನಮ್ಮ ಶಾಸನ ಬರೆಸಿದವರು ಕೇಟೋನ ಹಾದಿ ಹಿಡಿಯಲಿಲ್ಲ. ಸೂರ್ಯಗ್ರಹಣದ ದಿನ ಕೊಟ್ಟ ದಾನವೆಂದು ತಿಥಿವಾರ ಸಮೇತ ಕೆತ್ತಿಸಿದರು, ಗದ್ದೆಯ ಅಳತೆ, ತೋಟದ ಎಲ್ಲೆ, ಸುಂಕದ ಬಾಬ್ತು ಹೇಳಿದರು. ಆ ಗ್ರಹಣಗಳನ್ನು ಲೆಕ್ಕ ಹಾಕಿಯೇ ಎಷ್ಟೋ ಅರಸರ ಕಾಲವನ್ನು ಸರಿಪಡಿಸಿದ್ದಾರೆ. ಚನ್ನಗಿರಿ ಮತ್ತು ಹೊನ್ನಾಳಿ ತಾಲ್ಲೂಕುಗಳ ಶಾಸನಗಳನ್ನು ಬಿ. ಎಲ್. ರೈಸ್ 1902ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕಾದ ಏಳನೆಯ ಸಂಪುಟದಲ್ಲಿ ಅಚ್ಚು ಮಾಡಿಸಿದರು. ಜಗಳೂರಿನವು ಮುಂದಿನ ವರ್ಷ ಹನ್ನೊಂದನೆಯ ಸಂಪುಟದಲ್ಲಿ ಬಂದವು. ಈಗ ನ್ಯಾಮತಿಗೆ ಸೇರಿರುವ ಬೆಳಗುತ್ತಿಯ ಸಿಂದರು ನಮಗೆ ಗೊತ್ತಿರುವುದು ಇಂಥ ಕಲ್ಲುಗಳಿಂದ. ಅವರ ಆಸ್ಥಾನದ ಕವಿಯೊಬ್ಬನ ಕಾವ್ಯ ನಮ್ಮ ಹತ್ತಿರ ಇಲ್ಲ. ಅವರ ಭತ್ತದ ಗದ್ದೆಯ ಮೇರೆ ಗೊತ್ತಿದೆ.

ಇನ್ನು ಸೂಳೆಕೆರೆ. ಹರಿದ್ರಾ ಹೊಳೆಗೆ ಎರಡು ಗುಡ್ಡಗಳ ನಡುವೆ ಅಡ್ಡಕಟ್ಟೆ ಹಾಕಿ ಕಟ್ಟಿದ ಆ ಮಹಾ ಕೆರೆಯನ್ನು ಶಾಂತಿಸಾಗರ ಎಂದೂ ಕರೆಯುತ್ತೇವೆ. ಅದನ್ನು ಕಟ್ಟಿಸಿದವಳು ಶಾಂತವ್ವ ಎಂಬುದನ್ನು ಈ ಸೀಮೆಯಲ್ಲಿ ಹಾಡು ಹೇಳುತ್ತದೆ. ನಮ್ಮ ಅಜ್ಜಿಗೆ ಆ ಹಾಡಿನ ಆರೇಳು ಸಾಲು ಬರುತ್ತಿದ್ದವು, ಇಡಿಯಾಗಿ ಬರುತ್ತಿರಲಿಲ್ಲ. ಅವಳು ಅದನ್ನು ರಾಗಿ ಬೀಸುವಾಗ ಹೇಳುತ್ತಿದ್ದಳು. ಬೀಸುಕಲ್ಲಿನ ಸುತ್ತಿಗೆ ಹೊಂದುವ ಸಾಲುಗಳು ಅವಳಲ್ಲಿ ನಿಂತಿದ್ದವು, ಹೊಂದದವು ಹೋಗಿದ್ದವು. ನನಗೆ ಇದು ತಿಳಿದದ್ದು ಪ್ಲಿನಿಯನ್ನೂ ಮಲ್ಲಿಕಾರ್ಜುನನನ್ನೂ ಓದಿದ ಮೇಲೆ, ಅಜ್ಜಿ ಹೋಗಿ ಮೂವತ್ತು ವರ್ಷವಾದ ಮೇಲೆ.

ಈ ಬೆಳಿಗ್ಗೆ ಇಲ್ಲಿಗೆ ಬರುವ ದಾರಿಯಲ್ಲಿ ಕೆರೆಯ ಕೆಳಗಿನ ಒಂದು ಹಳ್ಳಿಯಲ್ಲಿ ಇಳಿದಿದ್ದೆ. ಅಲ್ಲಿ ಎಂಬತ್ತು ದಾಟಿದ ಒಬ್ಬ ತಾಯಿ ಇದ್ದಾರೆ. ‘ಅವ್ವಾ, ಶಾಂತವ್ವನ ಹಾಡು ಬರ್ತದಾ?’ ಎಂದು ಕೇಳಿದೆ. ‘ಪೂರ್ತಿ ಎಲ್ಲಿ ಬರ್ತದಪ್ಪ, ನಾಟಿ ಹಾಕೋವಾಗ ಹೇಳ್ತಿದ್ದಷ್ಟು ಬರ್ತದೆ’ ಎಂದರು. ಹೇಳಿದರು. ನಮ್ಮ ಅಜ್ಜಿ ಬೀಸುವಾಗ ಹೇಳುತ್ತಿದ್ದ ಸಾಲು ಅದರಲ್ಲಿ ಎರಡೇ ಇದ್ದವು. ಉಳಿದ ಒಂಬತ್ತು ಸಾಲು ನಾನು ಹಿಂದೆಂದೂ ಕೇಳಿರಲಿಲ್ಲ. ನೋಟುಬುಕ್ಕಿನಲ್ಲಿ ಬರೆದುಕೊಂಡೆ. ಮೇಲೆ ಆ ತಾಯಿಯ ಹೆಸರು, ಊರು, ಇವತ್ತಿನ ತಾರೀಕು ಹಾಕಿ, ಪಕ್ಕದಲ್ಲಿ ಬರೆದೆ: ನಾಟಿಯ ಹಾಡಾಗಿ ಉಳಿದದ್ದು.